ಮೂರು ಕೂಗು

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ,
ಹಸಿರು ದೀಪ ಹತ್ತುತ್ತದೆ,
ಪರದೆ ಮಾತ್ರ ಕಪ್ಪು.
ಒಳಗಿನಿಂದ ಮೂರು ಕೂಗು,
ಆಮೇಲೆ ಗಪ್‌ಚಿಪ್.

ಗೋಡೆಯಾಚೆಯಿಂದ ಹಾಲಮ್ಮ:
"ಮೂರು ಸೀಟಿ ಆತಲ್ಲೇ ಸರ್ವಕ್ಕ, ಬೇಳೆ ಇಳಿಸು."

ಬೇಳೆಯಲ್ಲ ತಾಯಿ, ಚೀಟಿ.
ಇಪ್ಪತ್ತು ಹೆಂಗಸರ ಹದಿನಾಲ್ಕು ತಿಂಗಳು
ಇದರ ಹೊಟ್ಟೆಯಲ್ಲಿದೆ.
ಮೊದಲು ಪುಸ್ತಕದಲ್ಲೇ ಬರೆಯುತ್ತಿದ್ದೆ,
ಇಲಿ ತಿಂದ ವರ್ಷ ಇದಕ್ಕೆ ಬಂದೆ,
ತಗಡು ತಿನ್ನುವ ಇಲಿ ಇನ್ನೂ ಹುಟ್ಟಿಲ್ಲವೆಂದು.
ನಾಳೆ ಭಾನುವಾರ. ಚೀಟಿ ಕೂಗಬೇಕು.
ನನಗಿಂತ ಮೊದಲೇ ಇದು ಕೂಗಿಬಿಟ್ಟಿದೆ:
ಒಂದನೇ ಸಲ, ಎರಡನೇ ಸಲ, ಮೂರನೇ ಸಲ.
ಹಿಡಿದವರು ಯಾರೂ ಇಲ್ಲ.

ನಮ್ಮಪ್ಪನ ಕಾಲದಲ್ಲಿ ದಾವಣಗೆರೆಯ ಹತ್ತಿ ಮಿಲ್ಲೂ
ಹೀಗೇ ದಿನಕ್ಕೆ ಮೂರು ಸಲ ಕೂಗುತ್ತಿತ್ತು.
ಒಂದು ದಿನ ಕೂಗಲಿಲ್ಲ.
ರಿಪೇರಿಗೆ ಯಾರೂ ಬರಲಿಲ್ಲ.

ಇದಕ್ಕೆ ಜಬೀವುಲ್ಲಾ ಬಂದ.
ಬೆಳಗಿನ ಜಾವ ಅಪ್ಪನ ಭಟ್ಟಿಯಲ್ಲಿ ಮಂಡಕ್ಕಿ ಹುರಿದು,
ಹಗಲು ಐಟಿಐಗೆ ಹೋಗಿ,
ಸಂಜೆ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡು.
ಮೊದಲು ಕಿಟಕಿಯ ಸರಳು ಮುಟ್ಟಿದ.
"ಮೈಯಾಗಿನ ಕರೆಂಟು ಇಳೀಬೇಕು ಕಾಕಿ."
ಪಕ್ಕದ ತಗಡು ತೆಗೆದ.

ಮಸಿ.
ಕಾಡಿಗೆಯಷ್ಟು ನುಣ್ಣನೆಯ ಮಸಿ,
ಫ್ಯಾನಿನ ರೆಕ್ಕೆಗೆ, ವೈರಿನ ಸಂದಿಗೆ,
ನಡುವೆ ಹೇಗೋ ಹೊಕ್ಕ ಒಂದು ಮಂಡಕ್ಕಿ.
ಬಣ್ಣದ ಬ್ರಶ್ಶಿನಿಂದ ಗುಡಿಸುತ್ತ ಹುಡುಗ ನಕ್ಕ:
"ನಮ್ಮ ಭಟ್ಟೀದೇ ಹೊಗಿ ಇದು.
ನಿಮ್ಮತ್ರ ದುಡ್ಡು ತಗಳ್ಳಂಗಿಲ್ಲ."

ಅಷ್ಟರಲ್ಲಿ ಸುದ್ದಿ ಹಬ್ಬಿ ಅರ್ಧ ಓಣಿ ನನ್ನ ಪಡಸಾಲೆಯಲ್ಲಿ.
ಕ್ಯಾಲೆಂಡರು ಕಳಚಿ ಬೆನ್ನು ಮೇಲೆ ಮಾಡಿ
ಬಾಯಿಲೆಕ್ಕ ಶುರುಮಾಡಿದೆವು.
"ಸೊಸಿ ಹಡೆದ ತಿಂಗಳು ಹಿಂದಿಂದೂ ಸೇರ್ಸಿ ಕೊಟ್ಟೀನಿ, ಬರಕ."
"ನಂದು ರಂಜಾನಿಗೆ ಮುಂಚೆ, ಎಲ್ಲಾ ಹತ್ತರ ನೋಟು, ನೀನೇ ಬೈದಿದ್ದೆ."
"ಆಡು ಮಾರಿದ ದಿನ."
"ಹಲ್ಲು ಕೀಳಿಸಿದ ಮರುದಿನ."
ತಾರೀಕು ಒಬ್ಬರಿಗೂ ನೆನಪಿಲ್ಲ,
ದುಡ್ಡು ಒಂದು ರೂಪಾಯಿ ಮರೆತಿಲ್ಲ.

ಜಬೀ ಒಳಗಿನಿಂದ ಬೆರಳುದ್ದದ ಹಸಿರು ಪಟ್ಟಿ ಎಳೆದ.
"ಇದರಾಗೇ ನೋಡ್ರಿ ಅದರ ನೆನಪು ಇರದು.
ಹಲ್ಲು ಕಪ್ಪಾಗ್ಯಾವ. ಒಂದು ರಬ್ಬರು ಕೊಡ್ರಿ."
ನಸೀಮಾಳ ಮಗಳು ಕಂಪಾಸು ಡಬ್ಬಿ ತಂದಳು:
ಗುಲಾಬಿ ಬಣ್ಣದ್ದು, ಮಾವಿನಹಣ್ಣಿನ ವಾಸನೆಯದು,
ಒಂದು ಮೂಲೆ ಕಚ್ಚಿದ್ದು.

ಉಜ್ಜಿದ. ಊದಿದ. ಮತ್ತೆ ಉಜ್ಜಿದ.
ಕಪ್ಪಿನಡಿಯಿಂದ ಮೂಗುತಿಯ ಹಾಗೆ ಚಿನ್ನ ಹೊಳೆಯಿತು.
ನಾವು ಇಪ್ಪತ್ತು ಜನ ಉಸಿರು ಬಿಗಿಹಿಡಿದು ನೋಡಿದೆವು,
ಅಳಿಸುವುದಕ್ಕೆಂದೇ ಹುಟ್ಟಿದ ರಬ್ಬರು
ನೆನಪನ್ನು ತೊಳೆಯುವುದನ್ನು.

ಎರಡೂ ತುದಿಯಲ್ಲಿ ಟಕ್, ಟಕ್.
ಗುಂಡಿ.
ಒಂದೇ ಕೂಗು, ಗಿಡ್ಡದು.
ಪರದೆಯ ತುಂಬ ಬಿಳಿ ಅಕ್ಷರ.

ಒಳಗಿನ ಸೆಲ್ಲು ಸತ್ತು ಗಡಿಯಾರ ಹಿಂದೆ ಬಿದ್ದಿತ್ತು,
ಎರಡು ಸಾವಿರದ ಒಂಬತ್ತು, ಜನವರಿ ಒಂದು.
"ಇಲ್ಲೇ ಇರಾನ ಬಿಡು," ಅಂದಳು ಹಾಲಮ್ಮ,
"ಆವಾಗ ನಂಗೆ ಮಂಡಿನೋವು ಇರಲಿಲ್ಲ."

ಕ್ಯಾಲೆಂಡರಿನ ಬೆನ್ನು, ಪರದೆಯ ಮುಖ,
ಎದುರುಬದುರು ಕೂರಿಸಿ ತಾಳೆ ನೋಡಿದೆವು.
ಹತ್ತೊಂಬತ್ತು ಹೆಸರು ಸರಿ.

ಕೊಟ್ರಮ್ಮನ ಗಣಪತಿ ಹಬ್ಬದ ತಿಂಗಳು:
ಕಾಗದದಲ್ಲಿ ಖಾಲಿ,
ಯಂತ್ರದಲ್ಲಿ ಎರಡು ಸಾವಿರ ಜಮಾ.

"ಆ ತಿಂಗಳು ನಾನು ಕೊಟ್ಟಿಲ್ಲ," ಅಂದಳು ಕೊಟ್ರಮ್ಮ,
ಎಲ್ಲರೆದುರು, ತಲೆ ಎತ್ತಿಯೇ.
"ಅವರು ಆಸ್ಪತ್ರೆಯಾಗಿದ್ರು. ತಪ್ಪು ಬರದೈತಿ ಇದು."
ನನಗೆ ಆಗಲೇ ನೆನಪಾದದ್ದು:
ಅಕ್ಕಿ ಡಬ್ಬಿಯಿಂದ ನಾನೇ ತೆಗೆದು ತುಂಬಿ,
ಅವಳಿಗೆ ಹೇಳದೆ,
ಹೇಳದ್ದನ್ನೂ ಮರೆತು.

"ಮಸಿ ಕೂತಿತ್ತಲ್ಲ," ಅಂದೆ.
ಮಸಿಗೆ ಅಂಕಿ ಬರೆಯಲು ಬರುವುದಿಲ್ಲವೆಂದು
ಅಲ್ಲಿ ಗೊತ್ತಿದ್ದವನು ಒಬ್ಬನೇ.
ಸ್ಕ್ರೂ ತಿರುಗಿಸುವುದು ನಿಲ್ಲಿಸಿದ.

"ಹಂಗಾರೆ ಅಳಸು," ಅಂದಳು ಕೊಟ್ರಮ್ಮ. "ಯಾವ ಗುಂಡಿ, ತೋರ್ಸು."
"ಹೊಸ ಸೆಲ್ಲು ಹಾಕೋ ತನಕ ಏನೂ ಅಳಿಸಬಾರದಂತೆ."

ಇಪ್ಪತ್ತು ಮುಖವೂ ಹುಡುಗನ ಕಡೆ ತಿರುಗಿದವು.

"ಹೂಂ ಕಾಕಿ," ಅಂದ ಜಬೀವುಲ್ಲಾ,
"ಅಳಿಸಬಾರ್ದು,"
ರಬ್ಬರು ಇನ್ನೂ ಕೈಯಲ್ಲೇ ಇತ್ತು.